ಎದೆಗೆ ಕಿವಿಗೊಟ್ಟ ಬನಿಯನ್ನು

ನಮ್ಮ ಯಜಮಾನರ ಬನಿಯನ್ನುಗಳಿಗೆ ತೂತು ಬಿದ್ದ ಮೇಲೆಯೇ ಆಯಸ್ಸು ಶುರುವಾಗುವುದು. ಹೊಸದರಲ್ಲಿ ಅವು ಕಂಕುಳಲ್ಲಿ ಕಚ್ಚುತ್ತವೆ, ಕತ್ತಿನಲ್ಲಿ ತುರಿಸುತ್ತವೆ, ಬೆವರನ್ನು ಹೀರುವ ಬದಲು ಮೈಗೆ ಮೆತ್ತುತ್ತವೆ ಎಂಬುದು ಅವರ ವಾದ. ಒಗೆದು ಒಗೆದು ಬೆನ್ನಿನ ಭಾಗ ಜರಡಿಯಾಗಿ, ಇನ್ನು ಇದನ್ನು ಒಲೆಕಟ್ಟೆ ಒರೆಸಲು ಇಟ್ಟುಕೊಳ್ಳೋಣ ಎಂದು ನಾನು ಕೈಗೆತ್ತಿಕೊಳ್ಳುವ ಹೊತ್ತಿಗೆ ಅವರಿಗೆ ಅದು ಆಗತಾನೇ ಮೈಗೆ ಒಗ್ಗಿರುತ್ತದೆ. ರಾಮಮೂರ್ತಿನಗರದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಇಂಥ ನಾಲ್ಕಾರು ಬಿಳಿ ಬನಿಯನ್ನುಗಳು ಸದಾ ಹಗ್ಗದ ಮೇಲೆ ಇರುವಂಥವೇ. ಯಾರೂ ಅವುಗಳ ಕಡೆ ತಿರುಗಿ ನೋಡುವುದಿಲ್ಲ. ಕಳೆದ ವರ್ಷ ಆ ಸಾಲಿನಲ್ಲಿ ಒಂದು ಕರಿ ಬನಿಯನ್ನು ಬಂದು ಸೇರಿದಾಗ ಮಾತ್ರ ಕೆಳಗಿನ ಮನೆಯವರಿಂದ ಹಿಡಿದು ಪಕ್ಕದ ತಾರಸಿಯವರ ತನಕ ಎಲ್ಲರೂ ಅದೇನು ಎಂದು ಕೇಳಿದರು.

ಅದು ಅಂಗಡಿಯಲ್ಲಿ ಕೊಂಡದ್ದಲ್ಲ, ಆಸ್ಪತ್ರೆಯವರು ಒಂದು ವಾರದ ಮಟ್ಟಿಗೆ ಕೊಟ್ಟು ವಾಪಸು ಇಸಿದುಕೊಳ್ಳುವಂಥದ್ದು. ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ನಮ್ಮ ಯಜಮಾನರು, ಮುನಿರಾಜು ಅಂತ ಅವರ ಹೆಸರು, ಹಾಲಿನ ಅಂಗಡಿಯ ಮುಂದೆ ಕಣ್ಣು ಕತ್ತಲಾಗಿ ಕುಸಿದು ಕೂತಿದ್ದರು. ಯಾರೋ ನೀರು ಕೊಟ್ಟರು, ಇವರು ಎದ್ದು ಹಾಲು ತೆಗೆದುಕೊಂಡೇ ಮನೆಗೆ ಬಂದರು, ಬಂದವರು ನನಗೆ ಹೇಳಲೂ ಇಲ್ಲ; ಹೇಳಿದ್ದು ಹಾಲಿನ ಅಂಗಡಿಯವಳು. ಇಂದಿರಾನಗರದ ಕಡೆಯ ಒಂದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಹೃದಯ ಆಗೊಮ್ಮೆ ಈಗೊಮ್ಮೆ ಬಡಿಯುವುದನ್ನು ಮರೆತು ಕೆಲವು ಕ್ಷಣ ಸುಮ್ಮನಾಗುತ್ತಿರಬಹುದು, ಹಾಗೇನಾದರೂ ಇದ್ದರೆ ಎದೆಯೊಳಗೆ ಒಂದು ಪುಟ್ಟ ಯಂತ್ರ ಇಡಬೇಕಾಗುತ್ತದೆ, ಇಡದೆ ಹೋದರೆ ಒಂದು ದಿನ ಕುಸಿದವರು ಏಳದೆಯೇ ಇರಬಹುದು ಎಂದು ಡಾಕ್ಟರು ಹೇಳಿದರು. ಆದರೆ ಅದು ಮರೆಯುವ ಗಳಿಗೆಯಲ್ಲೇ ಅದನ್ನು ಹಿಡಿಯಬೇಕು, ಅನುಮಾನದ ಮೇಲೆ ಎದೆ ಕೊಯ್ಯಲಾಗುವುದಿಲ್ಲ. ಅದಕ್ಕಾಗಿ ಈ ಬನಿಯನ್ನು.

ಅದನ್ನು ತೊಡಿಸಿ ವಿವರಿಸಿದವಳು ಅಲ್ಲಿಯ ಟೆಕ್ನೀಷಿಯನ್, ಶಿವಲೀಲಾ ಎಂಬ ಗದಗದ ಕಡೆಯ ಹುಡುಗಿ. ಬನಿಯನ್ನಿನ ಒಳಮೈಯಲ್ಲಿ ಬೆಳ್ಳಿಯ ಎಳೆ ಸೇರಿಸಿ ನೇಯ್ದ ನಾಲ್ಕು ಪಟ್ಟಿಗಳು ಚರ್ಮಕ್ಕೆ ತಾಗಿಕೊಂಡಿರುತ್ತವೆ, ಅಲ್ಲಿಂದ ಸಣ್ಣ ತಂತಿಗಳು ಹೊಲಿಗೆಯೊಳಗೇ ಹರಿದು ಎಡ ಪಕ್ಕೆಯಲ್ಲಿರುವ ಬೆಂಕಿಪೊಟ್ಟಣದಷ್ಟು ಡಬ್ಬಿಯನ್ನು ಸೇರುತ್ತವೆ, ಡಬ್ಬಿಯ ಮೇಲೆ ಒಂದೇ ಒಂದು ನೀಲಿ ಗುಂಡಿ. ಡಬ್ಬಿ ಹಗಲೂ ರಾತ್ರಿ ಎದೆಬಡಿತವನ್ನು ಕೇಳುತ್ತಲೇ ಇರುತ್ತದಂತೆ, ಕೇಳಿದ್ದನ್ನು ಮರೆಯುತ್ತಲೂ ಇರುತ್ತದಂತೆ. “ತಲಿ ತಿರಗಿದ್ರ, ಕಣ್ಣಿಗೆ ಕತ್ತಲಿ ಬಂದ್ರ, ಏನರ ಒಂಥರಾ ಅನಸಿದ್ರ ಕೂಡ್ಲೇ ಒತ್ರಿ ಅಂಕಲ್. ಒತ್ತಿದ್ರಷ್ಟ ಅದು ಉಳಿಸ್ಕೋತದ,” ಎಂದಳು. ಒತ್ತಿದ ಗಳಿಗೆಯ ಹಿಂದಿನ ಒಂದೆರಡು ನಿಮಿಷ, ಮುಂದಿನ ಒಂದೆರಡು ನಿಮಿಷ, ಅಷ್ಟೇ ಅದರ ನೆನಪು. ಬೇರೆಯವರು ಒತ್ತಬಹುದೇ ಎಂದು ನಾನು ಕೇಳಿದೆ. ಆಗುವುದು ಯಾರಿಗೋ ಅವರಿಗೇ ಗೊತ್ತಾಗಬೇಕಲ್ಲ, ನೋಡುವವರು ಹೆದರಿ ಹೆದರಿ ಒತ್ತಿದರೆ ಡಬ್ಬಿ ತುಂಬಿ ಹೋಗುತ್ತದೆ, ಬೇಡ ಎಂದಳು. ಜೊತೆಗೆ ಮೂರು ಕಲಮುಗಳ ಒಂದು ಹಾಳೆ ಕೊಟ್ಟಳು: ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಿರಿ, ಏನನ್ನಿಸಿತು.

ಸ್ನಾನಕ್ಕೆ ಹೋದವರು ಅದನ್ನು ಕಳಚಿಟ್ಟಾಗ, ಬೆವರು ಆರಲೆಂದು ತಾರಸಿಯ ಹಗ್ಗಕ್ಕೆ ಹಾಕುವ ಮೊದಲು ನಾನು ಕಿಟಕಿಯ ಬೆಳಕಿಗೆ ಹಿಡಿದು ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದೆ. ಇದು ನನ್ನ ಹಳೆಯ ಚಾಳಿ. ನಾವಿಬ್ಬರೂ ವಿಮಾನಪುರದ ಹತ್ತಿರ ವಿಮಾನದ ಭಾಗಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಜೀವಮಾನ ಸವೆಸಿದವರು. ಅವರು ರೆಕ್ಕೆ ಜೋಡಿಸುವ ಕಡೆ, ನಾನು ತಂತಿ ಕಟ್ಟುವ ವಿಭಾಗದಲ್ಲಿ. ಮರದ ಹಲಗೆಯ ಮೇಲೆ ನಕ್ಷೆ ಅಂಟಿಸಿ, ತಿರುವು ಬರುವಲ್ಲೆಲ್ಲ ಮೊಳೆ ಹೊಡೆದು, ಆ ಮೊಳೆಗಳ ನಡುವೆ ತಂತಿಗಳನ್ನು ಹಾಸಿ, ಮೇಣ ಸವರಿದ ದಾರದಿಂದ ಎರಡು ಬೆರಳಗಲಕ್ಕೊಂದು ಗಂಟು ಹಾಕುತ್ತಾ ಹೋಗುವುದು ನಮ್ಮ ಕೆಲಸ. ಹೂ ಕಟ್ಟಿ ಪಳಗಿದ ಕೈಗೆ ಇದು ಬೇಗ ಹತ್ತುತ್ತದೆಂದು ಆ ವಿಭಾಗಕ್ಕೆ ಹೆಂಗಸರನ್ನೇ ಹೆಚ್ಚು ತೆಗೆದುಕೊಳ್ಳುತ್ತಿದ್ದರು. ಅಲ್ಲಿ ಮೊದಲ ದಿನ ಕಲಿಸುತ್ತಿದ್ದ ಪಾಠವೆಂದರೆ ತಿರುವಿನಲ್ಲಿ ತಂತಿಯನ್ನು ಬಿಗಿಯಬಾರದು, ಸ್ವಲ್ಪ ಸಡಿಲ ಬಿಡಬೇಕು. ಬಿಗಿದ ತಂತಿ ಹೊರಗೆ ಚೆನ್ನಾಗಿ ಕಾಣುತ್ತದೆ, ಒಳಗೇ ಬಳಲಿ ಒಂದು ದಿನ ತುಂಡಾಗುತ್ತದೆ. ಈ ಬನಿಯನ್ನಿನ ಕಂಕುಳ ಬಳಿ ತಂತಿಯನ್ನು ಹಾವಿನ ಹಾಗೆ ಬಳುಕಿಸಿ ಹೊಲಿದಿದ್ದರು. ಯಾರೋ ತಿಳಿದವರೇ ಮಾಡಿದ್ದಾರೆ ಎಂದು ನನಗೆ ಆ ಕಾಣದ ಕೈಯ ಮೇಲೆ ಗೌರವ ಬಂತು.

ಬಟ್ಟೆಗೆ ಇಷ್ಟೆಲ್ಲ ಬುದ್ಧಿ ಬಂದಿರುವುದು ಹೊಸ ಸಂಗತಿಯೆಂದು ನಿಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಯೋಚಿಸುತ್ತಾ ಹೋದರೆ, ನಾವು ಮೈಮೇಲೆ ಬರಿಯ ಬಟ್ಟೆಯನ್ನಷ್ಟೇ ಯಾವತ್ತು ತೊಟ್ಟೆವು, ನೀವೇ ಹೇಳಿ. ಹುಟ್ಟಿದ ಕೂಸಿನ ಸೊಂಟಕ್ಕೆ ಉಡಿದಾರ ಕಟ್ಟಿದ್ದು ಅಂದಕ್ಕಲ್ಲ. ದಾರ ಬಿಗಿಯಾಯಿತೆಂದರೆ ಮಗು ಮೈತುಂಬಿದೆ, ಜಾರಿತೆಂದರೆ ಸೊರಗಿದೆ ಎಂದು ತಾಯಿಗೆ ತೂಕದ ಯಂತ್ರವಿಲ್ಲದೆ ತಿಳಿಯುತ್ತಿತ್ತು. ತೋಳಿನ ತಾಯಿತ ಕಾಯುವ ಕೆಲಸ ವಹಿಸಿಕೊಂಡಿತ್ತು, ಎಷ್ಟು ಕಾಯಿತೋ ಬೇರೆ ಮಾತು. ನನ್ನವ್ವ ಹಲಸೂರು ಸಂತೆಗೆ ಹೊರಡುವಾಗ ತರಬೇಕಾದ ಸಾಮಾನಿಗೊಂದರಂತೆ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು, ಕೊಂಡ ಹಾಗೆಲ್ಲ ಒಂದೊಂದೇ ಬಿಚ್ಚುತ್ತಿದ್ದಳು, ಗಂಟು ಉಳಿದ ಸೆರಗಿನೊಂದಿಗೆ ಅವಳು ಮನೆಗೆ ಬಂದದ್ದೇ ಇಲ್ಲ. ಅವಳ ನೆನಪು ಅವಳ ತಲೆಯಲ್ಲಿ ಎಷ್ಟಿತ್ತೋ ಸೀರೆಯಲ್ಲೂ ಅಷ್ಟೇ ಇತ್ತು.

ಈಗಿನವರ ಉಡುಗೆ ತೊಡುಗೆ ಅದಕ್ಕಿಂತ ಕೊಂಚ ಮುಂದೆ ಹೋಗಿದೆ, ಅಷ್ಟೇ. ನಮ್ಮ ಮೇಲಿನ ಮಹಡಿಯಲ್ಲಿ ದಾವಣಗೆರೆಯ ಕಡೆಯ ಒಬ್ಬ ಇದ್ದಾನೆ, ಕಂಪ್ಯೂಟರ್ ಕೆಲಸದವನು, ಒಳ್ಳೆಯವನು. ಅವನ ಬೆರಳಿಗೆ ಒಂದು ಕಪ್ಪು ಉಂಗುರ. ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು, ಅದರಲ್ಲಿ ಗಾಢವಾದದ್ದು ಎಷ್ಟು ಎಂದು ಅದು ಲೆಕ್ಕ ಒಪ್ಪಿಸುತ್ತದೆ. ಚೆನ್ನಾಗಿ ನಿದ್ದೆ ಬಂತೇನಪ್ಪಾ ಎಂದು ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದರೆ, ತಡೀರಿ ಆಂಟಿ ಎಂದು ಫೋನ್ ತೆಗೆದು ನೋಡಿ ಆಮೇಲೆ ಉತ್ತರ ಹೇಳುತ್ತಾನೆ. ನನಗೆ ನಗು ಬರುತ್ತಿತ್ತು. ತನ್ನ ನಿದ್ದೆಯ ಸಮಾಚಾರವನ್ನು ತಾನೇ ಉಂಗುರದಿಂದ ಕೇಳಿ ತಿಳಿಯುವ ಮನುಷ್ಯ ಎಂದು ಯಜಮಾನರ ಹತ್ತಿರ ಆಡಿಕೊಂಡೂ ಇದ್ದೆ. ನಗುವುದು ನನಗೆ ಸಲೀಸು ಎನ್ನುವುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ಅದೇ ನನ್ನ ಕಾಲಿಗೆ ತೊಡರಿಕೊಂಡಿತು.

ಮೊದಲ ವಾರ ಯಜಮಾನರು ಹಾಳೆಯನ್ನು ಬಲು ಶಿಸ್ತಿನಿಂದ ತುಂಬಿದರು. ಕಾರ್ಖಾನೆಯ ಅಭ್ಯಾಸದಂತೆ ಸ್ಕೇಲಿಟ್ಟು ಗೆರೆ ಎಳೆದು, ದಿನಕ್ಕೊಂದು ಸಾಲು, ಪ್ರತಿ ಸಾಲಿನಲ್ಲೂ ‘ಎಲ್ಲ ಸರಿ’, ಕೊನೆಯಲ್ಲಿ ಸಹಿ. ಎಲ್ಲ ಸರಿ ಇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬುದ್ಧರ ಪಟದ ಮುಂದೆ ಮಂಡಿಯೂರಿ ವಂದಿಸಿ ಎದ್ದವರು ಗೋಡೆಗೆ ಅಂಗೈ ಊರಿ ನಿಂತಿದ್ದನ್ನು ನಾನು ಅಡುಗೆಮನೆಯಿಂದ ನೋಡಿದೆ. ನಿಂತ ಭಂಗಿ ಗೋಡೆಯ ಸುಣ್ಣ ಪರೀಕ್ಷಿಸುತ್ತಿದ್ದಾರೆ ಎನ್ನುವಂತಿತ್ತು, ಮುಖ ಮಾತ್ರ ಬೂದಿಯಾಗಿತ್ತು. ಐದನೆಯ ದಿನ ತಾರಸಿಯ ಸಿಂಟೆಕ್ಸ್ ತೊಟ್ಟಿಯನ್ನು ಎಡಗೈಯಿಂದ ಅಪ್ಪಿಕೊಂಡಂತೆ ನಿಂತಿದ್ದರು. ಎರಡು ಸಲವೂ ಬಲಗೈ ಖಾಲಿಯೇ ಇತ್ತು, ಎರಡು ಸಲವೂ ಅದು ಪಕ್ಕೆಯ ಕಡೆ ಹೋಗಲಿಲ್ಲ. ಏನಾಯ್ತು ಎಂದರೆ ಏನೂ ಇಲ್ಲ ಎಂದರು. ನಾನೂ ಹೆಚ್ಚು ಕೆದಕಲಿಲ್ಲ, ಕೆದಕಿದರೆ ಸಿಕ್ಕಿಬಿಡುವ ಉತ್ತರದ ಬಗ್ಗೆ ನನಗೇ ಭಯವಿತ್ತು.

ವಾರ ಮುಗಿದು ಆಸ್ಪತ್ರೆಗೆ ಹೋದಾಗ ಡಬ್ಬಿಯಲ್ಲಿ ಏನೂ ಇರಲಿಲ್ಲ. ಡಾಕ್ಟರು ಹಾಳೆ ನೋಡಿದರು, ಸಾಲುಸಾಲು ‘ಎಲ್ಲ ಸರಿ’ ನೋಡಿ ಸಂತೋಷಪಟ್ಟರು. ಒತ್ತಿಲ್ಲವೆಂದರೆ ಆಗಿಲ್ಲವೆಂದೇ ಅರ್ಥ, ಮೊದಲು ಆದದ್ದು ಹಸಿವಿಗೋ ಸುಸ್ತಿಗೋ ಇರಬೇಕು, ಮೂರು ತಿಂಗಳು ಬಿಟ್ಟು ಬನ್ನಿ ಎಂದು ಬರೆದುಕೊಟ್ಟರು. ನಾನು ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದೆ. ಗಂಡನ ಎದುರಿಗೆ ಗಂಡನ ಮಾತನ್ನು ಸುಳ್ಳು ಮಾಡುವುದು ಹೇಗೆ? ಹೊರಗೆ ಬಂದು ಅವರು ಬನಿಯನ್ನು ಹಿಂದಿರುಗಿಸುವ ಸಾಲಿನಲ್ಲಿ ನಿಂತಾಗ, ಬಾತ್‌ರೂಮಿಗೆ ಹೋಗಿ ಬರುತ್ತೇನೆಂದು ಹೇಳಿ ನಾನು ಮತ್ತೆ ಡಾಕ್ಟರ ಕೋಣೆಗೆ ಹೋದೆ.

“ಅವರು ಒತ್ತಿಲ್ಲ ಸಾರ್. ಆಗಿಲ್ಲ ಅಂತಲ್ಲ. ನಾನು ಎರಡು ಸಲ ಕಣ್ಣಾರೆ ನೋಡಿದೀನಿ.”

ಡಾಕ್ಟರು ಬೈಯಲಿಲ್ಲ, ಆಶ್ಚರ್ಯವನ್ನೂ ತೋರಿಸಲಿಲ್ಲ. ಇನ್ನೊಂದು ವಾರ ಎಂದು ಚೀಟಿ ತಿದ್ದಿಕೊಟ್ಟರು. ಸಾಲಿನಿಂದ ಯಜಮಾನರನ್ನು ಕರೆದು ಅದೇ ಬನಿಯನ್ನನ್ನು ಮತ್ತೆ ಅವರ ಕೈಗೆ ಕೊಟ್ಟಾಗ ಅವರು ನನ್ನ ಮುಖ ನೋಡಿದ್ದೊಂದೇ. ಬಸ್ಸಿನಲ್ಲಿ ಮನೆ ಬರುವ ತನಕ ಕಿಟಕಿಯ ಕಡೆ ತಿರುಗಿಯೇ ಕೂತಿದ್ದರು.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ಯಜಮಾನರು ಕೆಲಸಕ್ಕೆ ಸೇರಿದ ಹೊಸತು. ರೆಕ್ಕೆಯ ಒಳಗಿನ ಕೆಲಸ ಮುಗಿದು ಮುಚ್ಚಳ ಕೂರಿಸುವ ಹೊತ್ತು. ಮುಚ್ಚುವ ಮೊದಲು ಪ್ರತಿ ಉಪಕರಣವನ್ನೂ ಎಣಿಸಿ ಹಲಗೆಯ ಮೇಲೆ ಅದರದೇ ಆಕಾರದ ಜಾಗದಲ್ಲಿ ತೂಗುಹಾಕುವುದು ಅಲ್ಲಿಯ ಕಟ್ಟುನಿಟ್ಟು, ಒಂದು ಸಣ್ಣ ತಿರುಪು ಒಳಗುಳಿದರೂ ಮೇಲೆ ಹಾರುವವನ ಪ್ರಾಣಕ್ಕೆ ಸಂಚಕಾರ. ಎಣಿಕೆ ಸರಿಯಾಗಿತ್ತು. ಆದರೆ ಮುಚ್ಚಳ ಕೂರುವಾಗ ಒಳಗೆಲ್ಲೋ ಟಿಂಗ್ ಎಂದ ಹಾಗೆ ಇವರಿಗೆ ಕೇಳಿಸಿತು. ಕಂಬದ ಮೇಲಿದ್ದ ಕೆಂಪು ಗುಂಡಿ ಒತ್ತಿಬಿಟ್ಟರು. ಇಡೀ ಶೆಡ್ಡು ನಿಂತಿತು, ಮುಚ್ಚಳಗಳನ್ನೆಲ್ಲ ಬಿಚ್ಚಿದರು, ಸಾಹೇಬರುಗಳು ಟಾರ್ಚು ಹಿಡಿದು ಸಂಜೆಯ ತನಕ ಹುಡುಕಿದರು, ಏನೂ ಸಿಗಲಿಲ್ಲ. ಯಾರೂ ಶಿಕ್ಷೆ ಕೊಡಲಿಲ್ಲ, ಒತ್ತಿದ್ದು ತಪ್ಪು ಎನ್ನಲೂ ಇಲ್ಲ. ಆದರೆ ಅಂದಿನಿಂದ ಅವರು ‘ಟಿಂಗ್ ಮುನಿರಾಜು’ ಆದರು. ಕ್ಯಾಂಟೀನಿನಲ್ಲಿ ಯಾರ ಚಮಚ ಬಿದ್ದರೂ ಎಲ್ಲರೂ ಇವರ ಕಡೆ ತಿರುಗುತ್ತಿದ್ದರು.

ಮದುವೆಯಾಗಿ ಬಂದ ಮೇಲೆ ಆ ನಗುವನ್ನು ಕಾರ್ಖಾನೆಯಿಂದ ಮನೆಗೆ ತಂದವಳು ನಾನು. ಅಡುಗೆಮನೆಯಲ್ಲಿ ಸೌಟು ಬಿದ್ದರೆ ‘ಬಟನ್ ಒತ್ರೀ’ ಎನ್ನುತ್ತಿದ್ದೆ. ನೆಂಟರು ಬಂದಾಗ ಊಟದ ಎಲೆಯ ಮುಂದೆ ಈ ಕಥೆಯನ್ನು ಅಭಿನಯಿಸಿ ಹೇಳುತ್ತಿದ್ದೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಅವರೂ ನಗುತ್ತಿದ್ದರು. ಅವರು ನಗುತ್ತಿದ್ದಾರಲ್ಲ ಎಂದು ನಾನು ಅದನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಆ ಸಂಜೆ ಕಾಫಿ ಲೋಟ ಮುಂದಿಟ್ಟು, ಯಾಕ್ರೀ ಒತ್ತಲಿಲ್ಲ ಎಂದು ನೇರವಾಗಿ ಕೇಳಿದೆ. ಅವರು ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ, ಯಾವುದೋ ತೀರ ಸಾಮಾನ್ಯ ವಿಷಯ ಹೇಳುವವರ ಹಾಗೆ ಹೇಳಿದರು:

“ಒತ್ತಿ, ಅಲ್ಲಿ ಹೋದ್ಮೇಲೆ ಏನೂ ಇಲ್ಲ ಅಂದ್ರೆ? ಮತ್ತೆ ನಗ್ತೀಯಲ್ಲೇ.”

ನನಗೆ ನಾಚಿಕೆಯಾಯಿತು. ಸಣ್ಣ ನಾಚಿಕೆಯಲ್ಲ, ಲೋಟವನ್ನು ಎತ್ತಿಕೊಂಡು ಒಳಗೆ ಹೋಗಿ ನಲ್ಲಿ ಬಿಟ್ಟು ಅದನ್ನು ಬಹಳ ಹೊತ್ತು ತೊಳೆದೆ. ಒಬ್ಬ ಮನುಷ್ಯ ತನ್ನ ಎದೆ ನಿಲ್ಲುವುದಕ್ಕಿಂತ ತನ್ನ ಹೆಂಡತಿ ನಗುವುದಕ್ಕೆ ಹೆಚ್ಚು ಹೆದರಿದ್ದ. ಮೈಗೆ ಅಂಟಿಕೊಂಡು ಬಡಿತ ಬಡಿತವನ್ನೂ ಆಲಿಸುವ ಬಟ್ಟೆಯನ್ನು ಯಾರೋ ಜಾಣರು ಮಾಡಿದ್ದಾರೆ, ಕಂಕುಳಿನ ತಿರುವಿನಲ್ಲಿ ತಂತಿಗೆ ಸಡಿಲ ಬಿಡುವಷ್ಟು ಸೂಕ್ಷ್ಮ ಅವರಿಗೆ ತಿಳಿದಿದೆ. ಅಷ್ಟು ಮಾಡಿಯೂ ಕೊನೆಗೆ ಅವರು ಒಂದು ಗುಂಡಿಯಿಟ್ಟು, ನಿನಗೇನಾಯಿತೆಂದು ನೀನೇ ಹೇಳು ಎಂದು ಮನುಷ್ಯನ ಮುಂದೆ ಕೈಕಟ್ಟಿ ನಿಂತಿದ್ದಾರೆ. ಆ ಕೊನೆಯ ಅರ್ಧ ಅಂಗುಲವನ್ನು ಬಟ್ಟೆ ದಾಟಲಾರದು, ಅದು ಮನೆಯವರ ಪಾಲಿನ ಕೆಲಸ. ತಂತಿಯನ್ನು ಬಿಗಿಯಬಾರದೆಂದು ಹೊಸಬರಿಗೆಲ್ಲ ಪಾಠ ಹೇಳಿದವಳು ನಾನು, ನನ್ನ ಗಂಡನಿಗೆ ಒಂದು ಅನುಮಾನ ಪಡುವಷ್ಟು, ಒಂದು ಸಲ ಸುಮ್ಮನೆ ಹೆದರುವಷ್ಟು ಸಡಿಲವನ್ನೂ ಬಿಟ್ಟಿರಲಿಲ್ಲ. ಹೊರಗೆ ಬಂದು, ಇನ್ನು ನಗಲ್ಲ ರೀ ಎಂದೆ. ಅವರು ತಲೆಯಾಡಿಸಿದರೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಎರಡನೆಯ ವಾರದ ಮೊದಲ ದಿನಗಳು ಹಾಗೇ ಕಳೆದವು. ನಾನು ಕಾವಲುಗಾರನ ಹಾಗೆ ಹಿಂದೆ ಮುಂದೆ ಸುಳಿಯುವುದು, ಅವರು ನನ್ನಿಂದ ತಪ್ಪಿಸಿಕೊಂಡು ತಾರಸಿಗೆ ಹೋಗುವುದು. ಕೆಳಗಿನ ಮನೆಯಾಕೆ, ನಿಮ್ಮ ಯಜಮಾನರಿಗೆ ಈ ವಯಸ್ಸಿನಲ್ಲಿ ಜಿಮ್ ಬನಿಯನ್ ಯಾಕೆ ಎಂದು ಚೇಷ್ಟೆ ಮಾಡಿದಾಗ ಅಭ್ಯಾಸಬಲದಿಂದ ಬಾಯಿಗೆ ಬಂದಿದ್ದ ಮಾತನ್ನು ನುಂಗಿಕೊಂಡೆ. ಅದು ಸುಲಭವಿರಲಿಲ್ಲ. ಐದನೆಯ ದಿನ ಅವರೇ, ಶಿವಾಜಿನಗರಕ್ಕೆ ಹೋಗಿ ನಾಲ್ಕು ಹೊಸ ಬನಿಯನ್ ತರೋಣ, ಈ ಕರಿಯದು ಮೈಗೆ ಬಿಗಿಯಾಗಿ ಕೂತಿದ್ದೂ ಕಚ್ಚುವುದಿಲ್ಲ, ಅಂಥದ್ದೇ ಮೆತ್ತನೆಯದು ಸಿಗುತ್ತದೇನೋ ನೋಡೋಣ ಎಂದರು. ಬನಿಯನ್ ಕೊಳ್ಳಲು ಅವರು ತಾವಾಗಿ ಹೊರಟಿದ್ದು ನಮ್ಮ ಸಂಸಾರದಲ್ಲಿ ಅದೇ ಮೊದಲು.

ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಳಉಡುಪುಗಳ ಒಂದು ಚಿಕ್ಕ ಅಂಗಡಿ. ಬಿಳಿ ಗಡ್ಡದ ಅಂಗಡಿಯವರು ಕನ್ನಡ, ದಖನಿ, ತಮಿಳು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾ ಒಂದೊಂದೇ ಪೊಟ್ಟಣ ಬಿಚ್ಚಿ ಹರವುತ್ತಿದ್ದರು. ನಾನು ಒಂದರ ಅಂಚನ್ನು ಎಳೆದು ನೋಡುತ್ತಿದ್ದೆ. ಪಕ್ಕದಲ್ಲಿ ಯಜಮಾನರ ಮಾತು ಅರ್ಧಕ್ಕೆ ನಿಂತಿತು. ತಿರುಗಿದರೆ ಎಡಗೈ ಅಂಗಡಿಕಟ್ಟೆಯ ಮರದ ಅಂಚನ್ನು ಹಿಡಿದಿದೆ, ತುಟಿ ಬಿಳುಚಿದೆ, ಕಣ್ಣು ನನ್ನ ಮೇಲಿದೆ. ಒತ್ರೀ ಎಂದು ಬಾಯಿಗೆ ಬಂದದ್ದನ್ನು ತಡೆದು ನಾನು ಅವರ ಮುಖವನ್ನೇ ನೋಡುತ್ತಾ ನಿಂತೆ. ಬಲಗೈ ನಿಧಾನವಾಗಿ ಎದ್ದು ಅಂಗಿಯ ಕೆಳಗೆ ಹೋಯಿತು. ಕೀಂ ಎಂದು ಒಂದು ಸಣ್ಣ ಸದ್ದು ಬಂತು.

ಅಂಗಡಿಯವರು ಫೋನ್ ಎಂದುಕೊಂಡರು, ಆಮೇಲೆ ಮುಖ ನೋಡಿ ಸ್ಟೂಲು ತಂದು ಹಾಕಿ, “ಬೈಠೋ ಭಾಯ್, ಕೂತ್ಕೊಳಿ, ಏನೂ ಅರ್ಜೆಂಟಿಲ್ಲ” ಎಂದು ನೀರು ತರಲು ಒಳಗೆ ಹೋದರು. ಯಜಮಾನರು ಕೂತು, ನನ್ನ ಕೈಯನ್ನು ಎಳೆದುಕೊಂಡು, ನನಗಷ್ಟೇ ಕೇಳುವಂತೆ ಹೇಳಿದರು:

“ಭಯ ಆಯ್ತು ಕಣೇ.”

ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಮಗಳ ಹೆರಿಗೆ ಕಷ್ಟವಾದಾಗ ಹೇಳಿರಲಿಲ್ಲ, ಅವರಪ್ಪ ತೀರಿಕೊಂಡಾಗ ಹೇಳಿರಲಿಲ್ಲ, ಹಾಲಿನ ಅಂಗಡಿಯ ಮುಂದೆ ಕುಸಿದು ಬಂದಾಗಲೂ ಹೇಳಿರಲಿಲ್ಲ. ನನಗೆ ಅಳು ಬಂತು, ಅದನ್ನು ಅಡಗಿಸಿಕೊಳ್ಳಲಿಲ್ಲ. ಚೀಲದಿಂದ ಹಾಳೆ ತೆಗೆದೆ. ಈ ಸಲ ನಾನೇ ಬರೆದೆ. ಗಂಟೆ ಬರೆದೆ. ಏನು ಮಾಡುತ್ತಿದ್ದಿರಿ ಎಂಬಲ್ಲಿ, ಹೆಂಡತಿಯ ಜೊತೆ ಬನಿಯನ್ ಆರಿಸುತ್ತಿದ್ದರು ಎಂದು ಬರೆದೆ. ಮೂರನೆಯ ಕಲಮಿನಲ್ಲಿ ಏನು ಬರೆದೆನೆಂದು ಅವರು ಆಗ ಕೇಳಲಿಲ್ಲ, ನಾನು ಓದಿ ಹೇಳಲೂ ಇಲ್ಲ.

ವಾರ ಮುಗಿದ ಮೇಲೆ ಶಿವಲೀಲಾ ಡಬ್ಬಿಯನ್ನು ಕಂಪ್ಯೂಟರಿಗೆ ತಗಲಿಸಿದಳು. ಪರದೆಯ ಮೇಲೆ ಏರಿಳಿತದ ಗೆರೆ ಸಾಗಿ ಬಂದು ಒಂದು ಕಡೆ ಚಪ್ಪಟೆಯಾಯಿತು. ಚಪ್ಪಟೆಯಾಗಿಯೇ ಹೋಯಿತು, ಹೋಯಿತು, ಆಮೇಲೆ ಮತ್ತೆ ಎದ್ದಿತು. ಅವಳು ಎದ್ದು ಹೋಗಿ ಡಾಕ್ಟರನ್ನು ಕರೆತಂದಳು. ಅವರು ನಿಂತೇ ನೋಡಿ, ಇದೇ ಬೇಕಾಗಿತ್ತು, ಇನ್ನು ತಡಮಾಡುವುದು ಬೇಡ, ಯಂತ್ರ ಇಡಲು ಬರುವ ಸೋಮವಾರವೇ ಸೇರಿಬಿಡಿ ಎಂದರು. ಅವರು ಹೋದ ಮೇಲೆ ಶಿವಲೀಲಾ ಹಾಳೆಯಲ್ಲಿದ್ದುದನ್ನು ಫೈಲಿಗೆ ಏರಿಸತೊಡಗಿದಳು. ಗಂಟೆ ಏರಿಸಿದಳು. ಬನಿಯನ್ನಿನ ವಿಷಯ ಓದಿ ಸಣ್ಣಗೆ ನಕ್ಕು ಏರಿಸಿದಳು. ಮೂರನೆಯ ಕಲಮಿಗೆ ಬಂದು ನಿಲ್ಲಿಸಿದಳು. ‘ಹೆದರಿಕೆ. ಇಬ್ಬರಿಗೂ’ ಎಂದಿತ್ತು ಅಲ್ಲಿ.

“ಇಬ್ಬರಿಗೂ ಅಂದ್ರ ಹ್ಯಾಂಗ್ರೀ ಆಂಟಿ? ಇಲ್ಲಿ ಪೇಶಂಟ್ ಒಬ್ಬರ ಅದಾರಲ್ಲ.”

ತಪ್ಪಾಯಿತು, ಅದೊಂದನ್ನು ಹೊಡೆದುಹಾಕಮ್ಮ ಎಂದು ನಾನು ಪೆನ್ನಿಗೆ ಕೈ ಚಾಚಿದೆ. ಯಜಮಾನರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಆ ಸಾಲನ್ನು ಪೂರ್ತಿ ಓದಿದರು. ಓದಿ, ಅದನ್ನು ಮತ್ತೆ ಅವಳ ಮುಂದೆ ಸರಿಸಿದರು.

“ಹಾಗೇ ಬರ್ಕೊಳಮ್ಮ. ಸರಿಯಾಗೇ ಇದೆ.”